ಏನೂ ಆಗದ ತಪ್ಪು

1994ರಲ್ಲಿ ನಾನು ಶಾರ್ಜಾದ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ನಮ್ಮ ಕಾಸರಗೋಡಿನ ಯಾವ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ, ವೀಸಾ, ಊರಿಗೆ ಕಳಿಸುವ ಹಣ, ಎಲ್ಲರಿಗೂ ಗೊತ್ತಿರುವುದೇ. ನಮ್ಮ ಮೇಸ್ತ್ರಿ ತಲಶ್ಶೇರಿಯವರು. ನಾನವರನ್ನು ಇಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಮೋನೇ ಎನ್ನುತ್ತಿದ್ದರು. ನಾನಿವತ್ತು ಆಡುವ ಮಲಯಾಳದ ಅರ್ಧ ಪಾಲು ಅವರಿಂದ ಕಲಿತದ್ದು.

ಒಂದು ದಿನ ನೀಲಿ ಬಣ್ಣದ ಹಳೆಯ ಫೋರ್ಡ್ ಮಸ್ಟಾಂಗ್ ಬಂತು. ಅರುವತ್ತರ ದಶಕದ ಕಾರು, ಬಟ್ಟೆಯ ಮಾಡನ್ನು ಮಡಚಿ ಹಿಂದಕ್ಕೆ ಸರಿಸುವಂಥದ್ದು. ಅಮೆರಿಕದಿಂದ ತರಿಸಿದ್ದರಂತೆ. ಹಿಮ ಬೀಳುವ ಊರಿನಲ್ಲಿ ರಸ್ತೆಗೆ ಎರಚುವ ಉಪ್ಪು ಅದರ ತಳವನ್ನು ಮೊದಲೇ ತಿಂದಿತ್ತು. ಉಳಿದದ್ದನ್ನು ಗಲ್ಫಿನ ಕಡಲ ಗಾಳಿ ನೋಡಿಕೊಂಡಿತ್ತು. ಮೇಲೆ ಮಾತ್ರ ಮದುಮಗಳಂತೆ ಹೊಳೆಯುತ್ತಿತ್ತು.

ಕ್ಲಚ್ ಬದಲಾಯಿಸಲು ಗೇರ್ ಬಾಕ್ಸ್ ಇಳಿಸಬೇಕು. ಅದಕ್ಕೆ ಮೊದಲು ಅದರ ಬಾಲದಡಿಯ ಕ್ರಾಸ್ ಮೆಂಬರ್ ತೆಗೆಯಬೇಕು. ನಮ್ಮ ಹಳೆಯ ಮನೆಗಳ ಅಡ್ಡ ತೊಲೆಯಂತೆ ಇದು: ಎರಡು ತುದಿ ಕಾರಿನ ತಳಕ್ಕೆ ಬೋಲ್ಟಿನಿಂದ ಬಿಗಿದಿರುತ್ತದೆ, ನಡುವೆ ಒಂದು ರಬ್ಬರಿನ ಮೇಲೆ ಗೇರ್ ಬಾಕ್ಸಿನ ಹಿಂಭಾಗ ಕುಳಿತಿರುತ್ತದೆ. ತೆಗೆಯುವ ಮುಂಚೆ ಗೇರ್ ಬಾಕ್ಸಿಗೆ ಮರದ ತುಂಡಿಟ್ಟು ಜಾಕಿನ ಆಸರೆ ಕೊಡದಿದ್ದರೆ ಎಂಜಿನ್ ಹಿಂದಕ್ಕೆ ವಾಲುತ್ತದೆ, ಮುಂದೆ ಫ್ಯಾನು ಮೇಲೆದ್ದು ಹೊಡೆಯುತ್ತದೆ. ಮಾಡು ಮಡಚುವ ಕಾರಿನಲ್ಲಿ ಇನ್ನೊಂದು ಜಾಗ್ರತೆ ಬೇಕು. ಬೇರೆ ಕಾರುಗಳಲ್ಲಿ ಉಕ್ಕಿನ ಮಾಡೂ ಭಾರದಲ್ಲಿ ಪಾಲು ಹೊರುತ್ತದೆ. ಇಲ್ಲಿ ಅದಿಲ್ಲ, ಎಲ್ಲವನ್ನೂ ತಳವೇ ಹೊರಬೇಕು. ಅದಕ್ಕಾಗಿ ಕಂಪೆನಿಯವರೇ ತಳಕ್ಕೆ ಹೆಚ್ಚಿನ ಉಕ್ಕು ಕೊಟ್ಟಿರುತ್ತಾರೆ. ಜಾಕು ತಪ್ಪು ಜಾಗದಲ್ಲಿ ನಿಂತರೆ ಒಡಲೇ ಬಾಗಿ ಬಾಗಿಲು ಹಾಕಲಾಗದೆ ಹೋಗುತ್ತದೆ. ಆದ್ದರಿಂದ ಬಾಗಿಲುಗಳನ್ನು ಮುಚ್ಚಿಯೇ ಎತ್ತುತ್ತಿದ್ದೆವು.

ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಆದರೂ ಬಲಬದಿಯ ಒಂದು ಬೋಲ್ಟು ಕಿರುಗುಟ್ಟುತ್ತಲೇ ಬಂತು. ಬರುವಾಗ ಒಳಗಿನ ನಟ್ಟಿನ ಥ್ರೆಡ್ಡನ್ನು ಪುಡಿ ಮಾಡಿಕೊಂಡು ಬಂತು. ಆ ನಟ್ಟು ತಳದ ತಗಡಿನೊಳಗೇ ವೆಲ್ಡ್ ಆಗಿರುವುದು. ಸರಿ ಮಾಡಬೇಕಾದರೆ ಸೀಟು ಬಿಚ್ಚಿ, ಕಾರ್ಪೆಟ್ಟು ಎತ್ತಿ, ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಬೇಕು. ಒಂದು ದಿನದ ಕೆಲಸ. ಕಾರು ಮರುದಿನ ಬೆಳಿಗ್ಗೆ ಹೊರಡಬೇಕಿತ್ತು.

ಇಕ್ಕ ಟಾರ್ಚ್ ಹಾಕಿ ನೋಡಿದರು. "ಬೋಲ್ಟಿಗೆ ಅಂಟು ಹಚ್ಚಿ ತಿರುಗಿಸು, ಮೇಲೆ ಕಪ್ಪು ಬಣ್ಣ ಹೊಡೆ. ಒನ್ನುಂ ಸಂಭವಿಕ್ಕಿಲ್ಲ, ಮೋನೇ" ಎಂದರು. ಏನೂ ಆಗಲಿಕ್ಕಿಲ್ಲ.

ನಾನು ಹಾಗೆಯೇ ಮಾಡಿದೆ. ಮರುದಿನ ಯಜಮಾನ ಬಂದ, ಮಾಡು ಮಡಚಿದ, ಹಿಂದಿನ ಸೀಟಿನಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ಹೋದ. ನನಗೂ ಹತ್ತು ದಿರ್ಹಮ್ ಬಕ್ಷೀಸು ಕೊಟ್ಟ. ಕಾರಿಗೆ ಏನೂ ಆಗಲಿಲ್ಲ. ಆಗಿದ್ದರೆ ಗ್ಯಾರೇಜಿಗೆ ಸುದ್ದಿ ಬರುತ್ತಿತ್ತು.

ಹಾಗಾದರೆ ನಾನು ಮಾಡಿದ ತಪ್ಪು ಯಾವುದು? ಬಹಳ ವರ್ಷ ಈ ಪ್ರಶ್ನೆಯನ್ನು ಯಾರಲ್ಲೂ ಕೇಳಿರಲಿಲ್ಲ. ಊರಿಗೆ ಬಂದ ಮೇಲೆ ಮಗಳ ಕಾಲೇಜು ಪುಸ್ತಕದಲ್ಲಿ ಇದೇ ಪ್ರಶ್ನೆ ಕಂಡಿತು. ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನೇಗಲ್ ಎಂಬಿಬ್ಬರು 1976ರಲ್ಲಿ ನೀತಿ ಮತ್ತು ಅದೃಷ್ಟದ ಬಗ್ಗೆ ಬರೆದಿದ್ದಾರೆ. ನೇಗಲ್ ಕೊಡುವ ಉದಾಹರಣೆ ಒಬ್ಬ ಲಾರಿ ಚಾಲಕನದು. ಬ್ರೇಕು ಪರೀಕ್ಷೆ ಮಾಡಿಸದೆ ಹೊರಟವನಿಗೆ ಮಗು ಅಡ್ಡ ಬಂದರೆ ಅವನು ಜೀವಮಾನವಿಡೀ ಅಪರಾಧಿ. ಬಾರದಿದ್ದರೆ ಅದೇ ಅಲಕ್ಷ್ಯಕ್ಕೆ ಅವನು ತನ್ನನ್ನು ಕೊಂಚವೇ ಹಳಿದುಕೊಂಡಾನು. ಇದನ್ನು ಓದಿದಾಗ ಯಾರೋ ಕಾರಿನಡಿಗೆ ಟಾರ್ಚ್ ಬಿಟ್ಟಂತಾಯಿತು.

ಜರ್ಮನಿಯ ಕಾಂಟ್ 1785ರಲ್ಲೇ, ಒಳ್ಳೆಯ ಸಂಕಲ್ಪದ ಬೆಲೆ ಫಲದಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದಿದ್ದ. ಗೀತೆ ಓದುವ ಮನೆಗಳಲ್ಲಿ ಇದು ಹೊಸ ಮಾತೂ ಅಲ್ಲ. ಆದರೆ ನಾವು ಬದುಕುವುದು ಹಾಗಲ್ಲ. ಅಡಿಕೆ ಕೊಯ್ಯುವವನಿಗೆ ಸಡಿಲ ಏಣಿ ಕಟ್ಟಿಕೊಟ್ಟು, ಅವನು ಸುಖವಾಗಿ ಇಳಿದರೆ ಚಹ ಕೊಟ್ಟು ಕಳಿಸುತ್ತೇವೆ. ಬಿದ್ದರೆ ಮಾತ್ರ ಏಣಿ ಕಟ್ಟಿದವನಾರು ಎಂದು ಹುಡುಕುತ್ತೇವೆ.

ನನಗೆ ಕಾಂಟನ ಉತ್ತರವೂ ಪೂರ್ತಿ ಸಾಲದು. ನನ್ನ ಸಂಕಲ್ಪ ಕೆಟ್ಟದ್ದೇನಾಗಿರಲಿಲ್ಲ. ಆ ಮಕ್ಕಳಿಗೆ ಕೇಡಾಗಲಿ ಎಂದು ನಾನು ಬಯಸಿದವನಲ್ಲ. ಇಕ್ಕನ ಲೆಕ್ಕವೂ ತಪ್ಪಾಗಿರಲಿಲ್ಲ, ಉಳಿದ ಬೋಲ್ಟುಗಳು ಹಿಡಿದವು. ಆದರೆ ಅಪಾಯ ಎಷ್ಟೇ ಚಿಕ್ಕದಿರಲಿ, ಅದನ್ನು ಹೊತ್ತು ಹೋದವರು ಅವರು, ಒಪ್ಪಿಕೊಂಡವರು ನಾವು. "ಹೀಗಾಗಿದೆ, ಇನ್ನೊಂದು ದಿನ ಬೇಕು" ಎಂದಿದ್ದರೆ ಆತ ಬೈಯುತ್ತಿದ್ದನೋ, "ಹಾಗೆಯೇ ಕೊಡು" ಎನ್ನುತ್ತಿದ್ದನೋ. ಹಾಗೆಯೇ ಕೊಡು ಎನ್ನುವ ಹಕ್ಕು ಅವನದು. ಕಪ್ಪು ಬಣ್ಣ ಹೊಡೆದು ನಾನು ಮುಚ್ಚಿದ್ದು ಆ ಹಕ್ಕನ್ನು. ಕಾರು ಗ್ಯಾರೇಜಿನ ಬಾಗಿಲು ದಾಟುವ ಮೊದಲೇ ಆ ನಷ್ಟ ಆಗಿಹೋಗಿತ್ತು.

ಬಡವನಾಗಿದ್ದೆ, ವೀಸಾ ಗ್ಯಾರೇಜಿನವರ ಕೈಯಲ್ಲಿತ್ತು ಎಂದು ನೀವು ನನ್ನ ಪರ ಮಾತಾಡಬಹುದು. ಕೆಲವೊಮ್ಮೆ ನಾನೂ ಮಾತಾಡಿಕೊಳ್ಳುತ್ತೇನೆ. ಬಾಯಿ ತೆರೆಯಲು ಯಾಕೆ ಹೆದರಿದೆ ಎಂಬುದಕ್ಕೆ ಅದು ಉತ್ತರ. ಆದರೆ ಹತ್ತು ದಿರ್ಹಮನ್ನು ಕಿಸೆಗೆ ಹಾಕಿಕೊಳ್ಳುವಾಗ ನನಗೆ ಹೆದರಿಕೆ ಇರಲಿಲ್ಲ.

ಆಮೇಲೆ ಇನ್ನೊಂದು ಗ್ಯಾರೇಜಿನಲ್ಲಿದ್ದಾಗ ಇಂಥದೇ ಒಂದು ನಟ್ಟಿನ ವಿಷಯ ಗಿರಾಕಿಗೆ ಹೇಳಿದೆ. ಅವನು ಸಿಟ್ಟಾಗಿ ಕಾರನ್ನು ಬೇರೆಡೆಗೆ ಎಳೆಸಿಕೊಂಡು ಹೋದ, ನನ್ನ ಮೂರು ದಿನದ ಸಂಬಳ ಕಡಿತವಾಯಿತು.

ಇಕ್ಕನಿಗೆ ಈಗ ಎಪ್ಪತ್ತು ದಾಟಿದೆ. ಕಳೆದ ಪೆರ್ನಾಳಿಗೆ ಫೋನು ಮಾಡಿ, ಆ ನೀಲಿ ಕಾರಿನ ನೆನಪಿದೆಯೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಏದ್ ನೀಲ ಕಾರ್?" ಎಂದರು.