ಕಾರಣಜ್ಞಾನವೂ ದಯೆಯೂ

ಎಳೆಯ ಮಕ್ಕಳಿಗೆ ಭೂಮಿ, ಆಕಾಶ, ಮಳೆ, ನದಿ ಮೊದಲಾದವುಗಳ ಶಾಸ್ತ್ರವನ್ನು ಕಲಿಸುವುದು ಕೇವಲ ಬುದ್ಧಿಗೆ ಸಂಬಂಧಪಟ್ಟ ವಿಷಯವೋ, ಅಥವಾ ಅದರಲ್ಲಿ ಧರ್ಮದ ಅಂಶವೂ ಉಂಟೋ? ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನನ್ನಲ್ಲಿ ಈ ಪ್ರಶ್ನೆಯು ಬಹುಕಾಲ ಹುಟ್ಟಲೇ ಇಲ್ಲ. ಹುಟ್ಟಿಸಿದವಳು ಐದನೆಯ ತರಗತಿಯ ಒಬ್ಬ ಹುಡುಗಿ. ಹುಟ್ಟಿದ ಸ್ಥಳ ದುಬಾರೆ.

ದುಬಾರೆಯು ಕುಶಾಲನಗರಕ್ಕೆ ಸಮೀಪದಲ್ಲಿ ಕಾವೇರಿಯ ದಡದಲ್ಲಿರುವುದು. ಹೊಳೆಯ ಆಚೆ ಅರಣ್ಯ ಇಲಾಖೆಯವರ ಆನೆಗಳ ಶಿಬಿರವಿದೆ. ಬೆಳಗಿನಲ್ಲಿ ಮಾವುತರೂ ಕಾವಾಡಿಗಳೂ ಆನೆಗಳನ್ನು ನೀರಿಗಿಳಿಸಿ ಮೈತಿಕ್ಕುವುದನ್ನು ನೋಡಲು ಮಕ್ಕಳಿಗೆ ಬಹಳ ಆಸೆ. ಬೇಸಗೆಯಲ್ಲಿ ಬಂಡೆಗಳ ನಡುವೆ ತೆಳ್ಳಗೆ ಹರಿಯುವ ಹೊಳೆಯು ಮಳೆಗಾಲದಲ್ಲಿ ಕೆಂಪಾಗಿ ದಡ ಮೀರುವುದು. 2018ನೆಯ ಇಸವಿಯ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಬೆಟ್ಟಗಳು ಜಾರಿ ಮನೆ ತೋಟಗಳನ್ನು ನುಂಗಿದುವು. ಇತ್ತ ಕುಶಾಲನಗರದ ಬಡಾವಣೆಗಳಿಗೆ ಹೊಳೆ ನುಗ್ಗಿತು. ಆ ಕಾಲದಲ್ಲಿ ಮನೆ ಕಳೆದುಕೊಂಡ ಒಂದು ಕುಟುಂಬದ ಹುಡುಗಿ ನೆಂಟರ ಮನೆಗೆ ಬಂದು ನಮ್ಮ ಶಾಲೆಗೆ ಸೇರಿದಳು.

ತರಗತಿಯಲ್ಲಿ ಮಕ್ಕಳು, ಬೆಟ್ಟವೇಕೆ ಬಿತ್ತು ಎಂದು ಕೇಳಿದರು. “ಮನುಷ್ಯರ ಪಾಪ ಹೆಚ್ಚಿತು, ದೈವೇಚ್ಛೆ” ಎಂದು ಹೇಳಿ ನಾನು ಪದ್ಯಪಾಠಕ್ಕೆ ತಿರುಗಿದೆನು. ಹಿರಿಯರ ಬಾಯಲ್ಲಿ ಕೇಳಿದ ಮಾತು. ಸಮಾಧಾನಕ್ಕೆಂದೇ ಆಡಿದ ಮಾತು. ಜನವರಿಯಲ್ಲಿ ಮಕ್ಕಳನ್ನು ದುಬಾರೆಗೆ ಕರೆದುಕೊಂಡು ಹೋದೆವು. ಎಲ್ಲರೂ ಆನೆಗಳನ್ನು ನೋಡುತ್ತಿರಲು ಈ ಹುಡುಗಿ ನೀರನ್ನೇ ನೋಡುತ್ತ ನಿಂತಿದ್ದಳು. ಹತ್ತಿರ ಹೋದಾಗ ಮೆಲ್ಲನೆ ಕೇಳಿದಳು: “ಮೇಷ್ಟ್ರೇ, ನಮ್ಮ ಮನೆಯವರು ಏನು ಪಾಪ ಮಾಡಿದ್ದರು?”

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಎಲ್ಲರಿಗೂ ಆಡಿದ ಮಾತನ್ನು ಅವಳೊಬ್ಬಳು ತನ್ನ ಮನೆಗೆ ಬಂದ ತೀರ್ಪೆಂದು ಭಾವಿಸಿ ತಿಂಗಳುಗಟ್ಟಲೆ ಹೊತ್ತುಕೊಂಡಿದ್ದಳು.

ಅಷ್ಟರಲ್ಲಿ ನಮ್ಮ ತರಗತಿಯವನೇ ಆದ ಒಬ್ಬ ಮಾವುತನ ಮಗ ದಡದ ಮರವೊಂದರ ಕೊಂಬೆಯನ್ನು ತೋರಿಸಿದನು. ಅದರಲ್ಲಿ ಒಣಹುಲ್ಲೂ ಕಸವೂ ಸಿಕ್ಕಿಕೊಂಡಿದ್ದುವು. “ನೀರು ಅಲ್ಲೀತನಕ ಬಂದಿತ್ತು” ಎಂದನು. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ತರ್ಕಶಾಸ್ತ್ರದ ಉದಾಹರಣೆಯನ್ನು ನಾನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವನು. ಆದರೆ ಕಣ್ಣೆದುರಿನ ಬೆಟ್ಟವನ್ನಾಗಲಿ ಹೊಳೆಯನ್ನಾಗಲಿ ಹಾಗೆ ಓದಿದವನಲ್ಲ. ಆ ಬಾಲಕನು ಓದಿದ್ದನು.

ಮರುವಾರ ಎರಡು ತಗಡಿನ ತಟ್ಟೆಗಳಲ್ಲಿ ಮಣ್ಣನ್ನು ಇಳಿಜಾರಾಗಿ ಮೆತ್ತಿಸಿದೆನು. ಒಂದರಲ್ಲಿ ರಾಗಿಯ ಪೈರು ಬೆಳೆದಿತ್ತು. ಇನ್ನೊಂದು ಬರಿದು, ಅದರ ಬುಡವನ್ನು ಗೋಡೆಯಂತೆ ಕಡಿದಿದ್ದೆವು. ಮಕ್ಕಳು ಚೊಂಬಿನಿಂದ ನೀರು ಹನಿಸಿದರು. ಬುಡ ಕಡಿದ ಮಣ್ಣು ಮೊದಲು ಕುಸಿಯಿತು. ಆದರೆ ಮತ್ತೂ ಮತ್ತೂ ನೀರು ಸುರಿದಾಗ ಪೈರಿನ ಮಣ್ಣೂ ಸಡಿಲಿತು. ನೀರು ಒಳಗಿಳಿದರೆ ಮಣ್ಣಿನ ಭಾರ ಹೆಚ್ಚುವುದು, ಕಣಗಳ ನಡುವಣ ಹಿಡಿತ ಕಡಿಮೆಯಾಗುವುದು, ಬುಡದ ಆಸರೆ ಕಡಿದಿದ್ದರೆ ಜಾರುವುದು ಸುಲಭ ಎಂಬುದನ್ನು ಅವರೇ ಹೇಳಿದರು. ನೆಲ ಬಿರಿಯುವುದು, ಮರಗಳು ವಾಲುವುದು, ತೊರೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು ಮುನ್ಸೂಚನೆಗಳೆಂದೂ, ಅವನ್ನು ಕಂಡರೆ ಕೂಡಲೇ ಅಲ್ಲಿಂದ ಹೊರಡಬೇಕೆಂದೂ ನಾನು ಸೇರಿಸಿದೆನು. ಆ ಹುಡುಗಿ ತಟ್ಟೆಯನ್ನು ಬಹಳ ಹೊತ್ತು ನೋಡಿ, “ಹಾಗಾದರೆ ನಾವು ಏನೂ ಮಾಡಿರಲಿಲ್ಲ” ಎಂದಳು.

ಕಾರಣವನ್ನು ತಿಳಿಸುವುದು ದಯೆಯ ಕೆಲಸವೂ ಹೌದೆಂದು ಅಂದು ನನಗೆ ಮನವರಿಕೆಯಾಯಿತು. ಕಾರಣ ತಿಳಿಯದ ಕಡೆ ಮನಸ್ಸು ಬರಿದಾಗಿರದು, ಅಪರಾಧಿಯನ್ನು ಹುಡುಕುವುದು. ಸಿಕ್ಕುವವನು ಸಾಮಾನ್ಯವಾಗಿ ದುರ್ಬಲನು. ಗ್ರಹಣದ ವಿಷಯವನ್ನೇ ನೋಡಿರಿ. ಅದು ನೆರಳಿನ ಆಟವೆಂಬುದನ್ನು 476ರಲ್ಲಿ ಜನಿಸಿದ ಆರ್ಯಭಟನು ತಿಳಿಸಿಹೋದನು. 2019ನೆಯ ಡಿಸೆಂಬರ್ 26ರಂದು ನಮ್ಮ ಕೊಡಗಿನ ಕುಟ್ಟದಲ್ಲಿಯೇ ಕಂಕಣಗ್ರಹಣವು ಕಾಣಿಸಿತು. ಆದರೂ ಮಗು ಸೀಳುತುಟಿಯೊಡನೆ ಹುಟ್ಟಿದರೆ, ತಾಯಿ ಗ್ರಹಣವನ್ನು ನೋಡಿದಳೆಂದು ದೂರುವ ಮನೆಗಳು ಇನ್ನೂ ಉಂಟು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸಬಾರದೆಂದು ಕಾಕತಾಳೀಯ ನ್ಯಾಯವನ್ನು ಕಲಿಸುವ ನಾವೇ ಆ ತಾಯಿಯ ಕಣ್ಣೀರಿಗೆ ಕಾರಣರಾಗುವೆವು.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಕರ್ಮಸಿದ್ಧಾಂತದ ಗತಿಯೇನು ಎಂಬುದು ಮೊದಲನೆಯದು. ನಾನು ಆ ಸಿದ್ಧಾಂತವನ್ನು ಬಿಟ್ಟವನಲ್ಲ. ಆದರೆ ಅದು ತನ್ನ ನಡತೆಯನ್ನು ತಾನು ತಿದ್ದಿಕೊಳ್ಳುವುದಕ್ಕೆ ಇರತಕ್ಕದ್ದು. ಪರರ ದುಃಖಕ್ಕೆ ತೀರ್ಪು ಬರೆಯುವುದಕ್ಕಲ್ಲ. ಕಾರಣವನ್ನು ಕಲಿತ ಮಗುವಿಗೆ ಕಾವೇರಿಯಲ್ಲಿ ಭಕ್ತಿ ಉಳಿದೀತೇ ಎಂಬುದು ಎರಡನೆಯದು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವ ಮಗುವು, ಪಶ್ಚಿಮ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿದ ಹೊಳೆಯು ಬೆಟ್ಟದ ಓರೆಯನ್ನನುಸರಿಸಿ ಮೂಡಣ ಸಮುದ್ರದವರೆಗೆ ಸುಮಾರು 800 ಕಿಲೋಮೀಟರು ನಡೆಯುವುದೆಂದು ತಿಳಿದರೆ, ಕೈಮುಗಿಯುವುದಕ್ಕೆ ಇನ್ನೊಂದು ಕಾರಣ ಸಿಕ್ಕಿತಲ್ಲದೆ ಇದ್ದ ಕಾರಣ ಹೋಗಲಿಲ್ಲ.

ಉಪಾಧ್ಯಾಯನಿಗೆ ಇಲ್ಲಿ ಒಂದು ಎಚ್ಚರ ಅಗತ್ಯ. ಪಾಪವೆಂಬ ಮಾತನ್ನು ತೆಗೆದು ಅದರ ಸ್ಥಾನದಲ್ಲಿ ನೆರೆಯವನ ಹೆಸರನ್ನಿಡಬಾರದು. ಇಳಿಜಾರುಗಳನ್ನು ಕಡಿದು ಮಾರ್ಪಡಿಸಿದುದು ಆ ಕುಸಿತಗಳಿಗೆ ಒಂದು ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ತೋರಿಸಿರುವರು. ಆ ವರ್ಷದ ಮಳೆಯೂ ಅಸಾಧಾರಣವಾಗಿತ್ತು. ಮನೆಗೆ ದಾರಿ ಮಾಡಲು ಬೆಟ್ಟದ ಬುಡ ಕಡಿದ ತಂದೆಯ ಮಗನೂ ಅದೇ ಬೆಂಚಿನಲ್ಲಿ ಕುಳಿತಿರುವನು. ಮುಂದೆ ಹೇಗೆ ಕಟ್ಟಬೇಕು, ನೀರಿಗೆ ಎಲ್ಲಿ ದಾರಿ ಬಿಡಬೇಕು ಎಂಬುದನ್ನು ಅವನಿಗೆ ತಿಳಿಸೋಣ. ಅವನ ತಲೆಯನ್ನು ತಗ್ಗಿಸುವುದು ಬೇಡ.

ವಾಚಕರ ಮನೆಗಳಲ್ಲಿಯೂ ಮಕ್ಕಳು ಇಂಥ ಪ್ರಶ್ನೆಗಳನ್ನು ಕೇಳುವರು. ಉತ್ತರ ತಿಳಿದಿದ್ದರೆ ಹೇಳಿರಿ. ತಿಳಿಯದಿದ್ದರೆ, ತಿಳಿಯದು, ಇಬ್ಬರೂ ಹುಡುಕೋಣ ಎನ್ನಿರಿ. ಅದರಿಂದ ಹಿರಿತನಕ್ಕೆ ಕುಂದಿಲ್ಲ. ನಾನು ಆ ತಟ್ಟೆಗಳನ್ನು ಆಗಸ್ಟಿನಲ್ಲಿಯೇ ತರಿಸಬಹುದಾಗಿತ್ತು. ನನ್ನ ಆಲಸ್ಯದಿಂದ ಒಂದು ಮಗು ತನ್ನದಲ್ಲದ ಪಾಪವನ್ನು ಮಾಗಿಯ ತನಕ ಹೊರಬೇಕಾಯಿತು.