ಎರಡು ಕಾನೂನುಗಳ ನಡುವೆ ಒಬ್ಬ ರೋಗಿ

2002ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಬ್ಯೂಟ್ ಕೌಂಟಿಯ ಒಂದು ಮನೆಗೆ ಅಧಿಕಾರಿಗಳು ಬಂದರು. ತೀವ್ರ ಬೆನ್ನುನೋವಿನ ಮಹಿಳೆಯೊಬ್ಬರು ವೈದ್ಯರ ಸಲಹೆಯಂತೆ ಅಲ್ಲಿ ಆರು ಗಾಂಜಾ ಗಿಡ ಬೆಳೆಸಿಕೊಂಡಿದ್ದರು. ರಾಜ್ಯದ ಕಾನೂನಿನಂತೆ ಇದರಲ್ಲಿ ತಪ್ಪಿಲ್ಲ ಎಂದರು ಕೌಂಟಿಯವರು. ಕೇಂದ್ರದ ಅಧಿಕಾರಿಗಳು ಒಪ್ಪಲಿಲ್ಲ. ಮೂರು ಗಂಟೆ ಜಗ್ಗಾಟ ನಡೆದು, ಕೊನೆಗೆ ಆರೂ ಗಿಡಗಳು ನಾಶವಾದವು.

ಇಬ್ಬರೂ ತಮ್ಮ ತಮ್ಮ ಕಾನೂನನ್ನೇ ಪಾಲಿಸಿದರು. ಹಾಗಾದರೆ ಆ ಮಹಿಳೆ ಯಾವುದನ್ನು ನಂಬಬೇಕಿತ್ತು?

ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲಿ ವೈದ್ಯಕೀಯ ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿದ್ದರು. 1970ರ ಕೇಂದ್ರ ಕಾನೂನು ಮಾತ್ರ ಗಾಂಜಾವನ್ನು ಹೆರಾಯಿನ್ ಜೊತೆ ಮೊದಲ ಪಟ್ಟಿಯಲ್ಲಿಟ್ಟು, ಅದಕ್ಕೆ ಅಂಗೀಕೃತ ವೈದ್ಯಕೀಯ ಉಪಯೋಗವೇ ಇಲ್ಲ ಎಂದಿತ್ತು. ಆ ಮಹಿಳೆಯೂ ಕಕ್ಷಿಯಾಗಿದ್ದ ಗೊನ್ಜಾಲೆಸ್ ವಿರುದ್ಧ ರೈಚ್ ಪ್ರಕರಣದಲ್ಲಿ 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಕೇಂದ್ರದ ಪರ ನಿಂತಿತು. ಮಾರಾಟಕ್ಕಲ್ಲದ ಹಿತ್ತಲ ಗಿಡವೂ ಒಟ್ಟಾರೆಯಾಗಿ ಅಂತರರಾಜ್ಯ ಮಾರುಕಟ್ಟೆಯನ್ನು ತಟ್ಟುತ್ತದೆ ಎಂಬುದು ತರ್ಕ. ಇದಕ್ಕೆ ಆಧಾರ, ಸ್ವಂತ ಬಳಕೆಗೆ ಗೋಧಿ ಬೆಳೆದ ಓಹಾಯೋದ ರೈತನ ವಿರುದ್ಧ 1942ರಲ್ಲಿ ಬಂದ ತೀರ್ಪು. ಭಿನ್ನಮತದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್, ತಾನು ಕ್ಯಾಲಿಫೋರ್ನಿಯಾದ ಮತದಾರಳಾಗಿದ್ದರೆ ಗಾಂಜಾ ಪ್ರಸ್ತಾಪಕ್ಕೆ ಮತ ಹಾಕುತ್ತಿರಲಿಲ್ಲ ಎಂದರು. ಆದರೂ ರಾಜ್ಯಕ್ಕೆ ಆ ಪ್ರಯೋಗದ ಹಕ್ಕಿದೆ ಎಂದರು. ತನಗೆ ಒಪ್ಪಿಗೆಯಾಗದ ನಿರ್ಧಾರಕ್ಕೂ ಜಾಗ ಬಿಡುವುದೇ ಒಕ್ಕೂಟದ ಜೀವಾಳ.

ಹಾಗೆಂದು ರಾಜ್ಯಗಳು ಹೇಳಿದ್ದೆಲ್ಲ ಸರಿ ಎನ್ನಲಾಗದು. ಅಮೆರಿಕದಲ್ಲಿ ಗುಲಾಮಗಿರಿಯೂ ವರ್ಣಭೇದವೂ ರಾಜ್ಯಗಳ ಹಕ್ಕಿನ ಮರೆಯಲ್ಲೇ ಬದುಕಿದವು. ಅವನ್ನು ಮುರಿಯಲು ಕೇಂದ್ರದ ಬಲವೇ ಬೇಕಾಯಿತು. ಆದರೆ ಅಲ್ಲಿ ಕೇಂದ್ರ ಬಂದದ್ದು ದುರ್ಬಲನನ್ನು ಕಾಯಲು. ಇಲ್ಲಿ ಬಂದದ್ದು ನೋವಿನಲ್ಲಿದ್ದವಳ ಮದ್ದು ಕೀಳಲು. ಅಧಿಕಾರ ಯಾರದು ಎಂಬುದರಷ್ಟೇ, ಅದರ ಪೆಟ್ಟು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಕೇಳಲೇಬೇಕು.

2014ರ ಡಿಸೆಂಬರಿನಲ್ಲಿ ಸಂಸತ್ತು ಒಂದು ದಾರಿ ಹುಡುಕಿತು: ವೈದ್ಯಕೀಯ ಗಾಂಜಾ ಕುರಿತ ರಾಜ್ಯಗಳ ಕಾನೂನಿಗೆ ಅಡ್ಡಿಪಡಿಸಲು ನ್ಯಾಯ ಇಲಾಖೆ ಹಣ ವೆಚ್ಚ ಮಾಡುವಂತಿಲ್ಲ. ಇದು ಬಜೆಟ್ಟಿಗೆ ಅಂಟಿಸಿದ ಷರತ್ತು. ಮತ್ತೆ ಮತ್ತೆ ನವೀಕರಿಸಬೇಕು. ಇದರಿಂದ ಅಪರಾಧ ಅಳಿಯುವುದಿಲ್ಲ, ದಂಡನೆ ತಡೆಹಿಡಿಯಲ್ಪಡುತ್ತದೆ ಅಷ್ಟೆ. ಷರತ್ತು ಬಿದ್ದುಹೋದರೆ ಹಳೆಯ ಕೃತ್ಯಕ್ಕೂ ಮೊಕದ್ದಮೆ ಹೂಡಬಹುದು ಎಂದು 2016ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಎಚ್ಚರಿಸಿತು. ವರ್ಷವರ್ಷವೂ ಬೇಡಿ ಪಡೆಯಬೇಕಾದದ್ದು ದಯೆ. ಅದನ್ನು ಹಕ್ಕು ಎನ್ನಲಾಗದು.

ಸರ್ಕಾರಗಳು ಜಗಳವಾಡಲಿ, ಒಕ್ಕೂಟದಲ್ಲಿ ಅದು ಸಹಜ. ಆ ಜಗಳ ತೀರುವವರೆಗೆ, ಒಂದು ಸರ್ಕಾರದ ಮಾತನ್ನು ಪ್ರಾಮಾಣಿಕವಾಗಿ ನಂಬಿ ನಡೆದ ರೋಗಿಯನ್ನು ಇನ್ನೊಂದು ಸರ್ಕಾರ ದಂಡಿಸಬಾರದು. ಇಷ್ಟನ್ನು ಕಾನೂನಿನಲ್ಲೇ ಬರೆದಿಡಬೇಕು.