ಹೆಸರು ಬಿಟ್ಟುಕೊಟ್ಟ ಸಭೆ

ಗಂಡನ ಊರು ಕೋಲಾರದಲ್ಲಿ ನಾವು ಇಂದಿಗೂ ಮೆಥಡಿಸ್ಟರು. ನನ್ನ ತವರು ಗುಬ್ಬಿಯಲ್ಲಿ ಆ ಹೆಸರು 1947ಕ್ಕೇ ಹೋಯಿತು. ಅತ್ತೆಯವರು ನೊಂದುಕೊಂಡೇ ಕೇಳುತ್ತಿದ್ದರು: "ಅಲ್ಲಮ್ಮ, ನಿಮ್ಮೂರಿನವರು ಹಿರಿಯರ ಹೆಸರನ್ನೇ ಬಿಟ್ಟುಕೊಟ್ಟರಲ್ಲ?" ಹೆಸರು ಬಿಟ್ಟ ಸಭೆ ನಂಬಿಕೆಯನ್ನೂ ಬಿಟ್ಟಂತೆಯೇ?

ಆ ಹೆಸರಿಗಾಗಿ ಸವೆದ ಜೀವಗಳನ್ನು ನೆನೆದರೆ ಪ್ರಶ್ನೆ ಹಗುರವಲ್ಲ. ಐರ್ಲೆಂಡಿನ ಮೆಥಡಿಸ್ಟ್ ಮಿಷನರಿ ವಿಲಿಯಂ ಆರ್ಥರ್ 1839ರಲ್ಲಿ ಇಂಡಿಯಾಕ್ಕೆ ಹೊರಟಾಗ ಇಪ್ಪತ್ತರ ಹುಡುಗ. ಗುಬ್ಬಿಯಲ್ಲಿ ನೆಲೆ ನಿಂತು ಕನ್ನಡ ಕಲಿತರು. ಆರೋಗ್ಯ ಕೆಟ್ಟು 1841ರಲ್ಲಿ ಹಿಂದಿರುಗಬೇಕಾಯಿತು. ಅದೇ ಗುಬ್ಬಿ ಸೀಮೆಯಲ್ಲಿ ದುಡಿದ ಥಾಮಸ್ ಹಾಡ್ಸನ್ 1877ರಲ್ಲಿ ಬರೆದ ಪುಸ್ತಕಕ್ಕೆ 'ಓಲ್ಡ್ ಡೇನಿಯಲ್' ಎಂದು ಹೆಸರಿಟ್ಟರು. ಕ್ರಿಸ್ತನನ್ನು ಒಪ್ಪಿಕೊಂಡ ಒಬ್ಬ ಮುದುಕನ ಹೆಸರದು. ನಮ್ಮ ಸೀಮೆಯ ಸಭೆಯ ಕಥೆಗೆ ಮುಖಪುಟದಲ್ಲಿ ನಿಂತವನು ಅವನು ಎಂಬುದು ನನಗೆ ದೊಡ್ಡ ಹೆಮ್ಮೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಸೌತ್ ಇಂಡಿಯಾ ಯುನೈಟೆಡ್ ಚರ್ಚಿನವರು, ಗುಬ್ಬಿಯ ನಮ್ಮಂಥ ವೆಸ್ಲಿಯನ್ ಮೆಥಡಿಸ್ಟರು ಒಂದಾಗಿ ಚರ್ಚ್ ಆಫ್ ಸೌತ್ ಇಂಡಿಯಾ (ಸಿ.ಎಸ್.ಐ.) ಆಯಿತು. ಕೋಲಾರದ ಸಭೆ ಅಮೆರಿಕದ ಮೆಥಡಿಸ್ಟರದು. 1890ರಲ್ಲಿ ಅವರು ಅಲ್ಲಿಯ ಮಿಷನ್ನನ್ನು ವಹಿಸಿಕೊಂಡಿದ್ದರು. ಆ ಬಳಗ ಒಕ್ಕೂಟಕ್ಕೆ ಸೇರಲಿಲ್ಲ.

ಅತ್ತೆಯವರಿಗೆ ನಾನು ಹೇಳುತ್ತಿದ್ದುದು ಇಷ್ಟೇ. ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 1791ರಲ್ಲಿ ಕಣ್ಣು ಮುಚ್ಚಿದ್ದು ಇಂಗ್ಲೆಂಡಿನ ಚರ್ಚಿನ ಪಾದ್ರಿಯಾಗಿಯೇ. ತನ್ನವರು ಅದರಿಂದ ಸಿಡಿದು ಹೋಗುವುದು ಅವರಿಗೆ ಬೇಕಿರಲಿಲ್ಲ. 1755ರಲ್ಲಿ ಅವರು ಆರಂಭಿಸಿದ ಒಡಂಬಡಿಕೆಯ ಆರಾಧನೆ ಮುಂದೆ ಮೆಥಡಿಸ್ಟರ ಹೊಸ ವರ್ಷದ ರೂಢಿಯಾಯಿತು. ತನ್ನನ್ನು ಕೆಲಸಕ್ಕೆ ಹಚ್ಚುವ ಅಧಿಕಾರದ ಜೊತೆ ಬದಿಗಿಡುವ ಅಧಿಕಾರವನ್ನೂ ದೇವರಿಗೆ ಒಪ್ಪಿಸುವ ಪ್ರಾರ್ಥನೆ ಅದು. ಅದನ್ನು ಮನಸ್ಸಿಟ್ಟು ಹೇಳಿಕೊಂಡವರಿಗೆ ಬೋರ್ಡಿನ ಮೇಲಿನ ಹೆಸರನ್ನು ಬದಿಗಿಡುವ ಬಲ ಬಂದೇ ಬರುತ್ತದೆ ಎಂದು ನನ್ನ ನಂಬಿಕೆ. ಆ ಆರಾಧನೆ ಸಿ.ಎಸ್.ಐ.ನ ಆರಾಧನೆಯ ಪುಸ್ತಕದಲ್ಲೂ ಉಳಿದಿದೆ.

ನಿಜವಾಗಿ ಕಳೆದುಹೋದದ್ದು ಬೇರೆ, ಅದು ಮೆಥಡಿಸ್ಟರ 'ಕ್ಲಾಸ್' ಎಂಬ ವಾರದ ಕೂಟ. ಅದು ಹುಟ್ಟಿದ್ದು ಹೀಗೆ: 1742ರಲ್ಲಿ ಬ್ರಿಸ್ಟಲ್‌ನ ಮೆಥಡಿಸ್ಟ್ ಸಭಾಗೃಹದ ಮೇಲೆ ಸಾಲವಿತ್ತು. ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಟ್ಟು ತೀರಿಸೋಣ ಎಂದರು ಆ ಸಭೆಯ ಕಪ್ತಾನ್ ಫಾಯ್. ಬಡವರ ಗತಿ? ಕಡುಬಡವರಾದ ಹನ್ನೊಂದು ಜನರನ್ನು ತನಗೇ ಒಪ್ಪಿಸಿ, ಅವರಿಂದ ಆಗದ್ದನ್ನು ತಾನೇ ತುಂಬುತ್ತೇನೆ ಎಂದರು. ಹೀಗೆ ಪೆನ್ನಿಗೆಂದು ಮನೆಮನೆಗೆ ಹೋದವರ ಕಣ್ಣಿಗೆ ಕುಡಿತ ಬಿತ್ತು, ಗಂಡಹೆಂಡಿರ ಜಗಳ ಬಿತ್ತು. ವಸೂಲಿಯೇ ಆತ್ಮದ ವಿಚಾರಣೆಯಾಯಿತು: ಹನ್ನೆರಡು ಜನ, ಒಬ್ಬ ಮುಂದಾಳು, ಪ್ರತಿ ವಾರ "ನಿನ್ನ ಆತ್ಮ ಹೇಗಿದೆ?" ಎಂಬ ಪ್ರಶ್ನೆ. ಇಂಗ್ಲೆಂಡಿನಲ್ಲೇ 19ನೇ ಶತಮಾನ ಮುಗಿಯುವಷ್ಟರಲ್ಲಿ ಈ ಪದ್ಧತಿ ಸೊರಗಿತ್ತು. ಹೆಸರು ಉಳಿಸಿಕೊಂಡವರು, ಬಿಟ್ಟವರು ಇಬ್ಬರೂ ಅಳಬೇಕಾದ ನಷ್ಟ ಇದು. ಅನುಗ್ರಹ ಒಬ್ಬಂಟಿಗನ ಆಸ್ತಿಯಲ್ಲ. ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಹೇಳಿಕೊಳ್ಳದೆ ಅದು ಬೇರೂರುವುದಿಲ್ಲ.

ಈಗ ನಾವು ಕೆಲವು ಹೆಂಗಸರು ಗುರುವಾರ ಸಂಜೆ ಸೇರಿ ಆ ಪ್ರಶ್ನೆಯನ್ನು ಪರಸ್ಪರ ಕೇಳಿಕೊಳ್ಳುತ್ತೇವೆ. ಮೊದಮೊದಲು ಎಲ್ಲರದೂ "ದೇವರ ದಯೆ, ಚೆನ್ನಾಗಿದ್ದೇನೆ" ಎಂಬ ಉತ್ತರ. ಆಮೇಲೊಂದು ಸಂಜೆ ಒಬ್ಬರು, ಜಮೀನಿನ ಪಾಲಿನ ವಿಷಯಕ್ಕೆ ತಂಗಿಯ ಜೊತೆ ಮಾತು ಬಿಟ್ಟು ಎಷ್ಟೋ ವರ್ಷವಾಯಿತು ಎಂದರು. ಮುಂದಿನ ಗುರುವಾರ ನಾವು ಮೊದಲು ವಿಚಾರಿಸಿದ್ದು ಅದನ್ನೇ.